ಬಿಗಿತದ ತಲೆನೋವು: ವಂಶದ್ದೆಷ್ಟು, ದುಡಿಮೆಯದ್ದೆಷ್ಟು?

"ತಲೆನೋವು ನಮ್ಮ ಮನೆತನಕ್ಕೇ ಇದೆ, ಅಪ್ಪನಿಗಿತ್ತು, ಈಗ ನನಗೆ" ಅಂತ ಮಾತ್ರೆ ನುಂಗಿ ತೋಟಕ್ಕಿಳಿಯುವವರು ಪ್ರತಿ ಊರಿನಲ್ಲೂ ಇದ್ದಾರೆ. ಆ ಮಾತಿನಲ್ಲಿ ಅರ್ಧ ನಿಜವಿದೆ. ಉಳಿದರ್ಧ ನಾವು ಬದುಕುವ, ದುಡಿಯುವ ರೀತಿಗೆ ಸೇರಿದ್ದು.

ಬಿಗಿತದ ತಲೆನೋವು ಅಂದರೆ ಬಿಗಿಯಾದ ಮುಟ್ಟಾಳೆ ಇಟ್ಟ ಹಾಗೆ ತಲೆಯ ಎರಡೂ ಬದಿ ಒತ್ತುವ ನೋವು. ಮೈಗ್ರೇನಿನಂತೆ ಮಿಡಿಯುವುದಿಲ್ಲ, ವಾಂತಿಯಿಲ್ಲ, ನಡೆದಾಡಿದರೆ ಹೆಚ್ಚಾಗುವುದೂ ಇಲ್ಲ. ಬೆಂಗಳೂರು ಮತ್ತು ಸುತ್ತಲಿನ ಹಳ್ಳಿಗಳಲ್ಲಿ ನಡೆಸಿ 2015ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ವರ್ಷವೊಂದರಲ್ಲಿ ನೂರಕ್ಕೆ ಸುಮಾರು 35 ವಯಸ್ಕರಿಗೆ ಇದು ಬರುತ್ತದೆ.

ವಂಶದ ಪಾಲು

ತಿಂಗಳಲ್ಲಿ 15 ದಿನ ಅಥವಾ ಹೆಚ್ಚು ಕಾಡುವ ಬಿಗಿತದ ತಲೆನೋವಿನ ರೋಗಿಗಳ ಮನೆಯವರನ್ನು ಡೆನ್ಮಾರ್ಕಿನ ವೈದ್ಯರು ಪರೀಕ್ಷಿಸಿ 1997ರಲ್ಲಿ ವರದಿ ಕೊಟ್ಟರು. ಅಪ್ಪ, ಅಮ್ಮ, ಒಡಹುಟ್ಟಿದವರು, ಮಕ್ಕಳಲ್ಲಿ ಇದೇ ನೋವು ಉಳಿದ ಜನರಿಗಿಂತ ಮೂರು ಪಟ್ಟು ಹೆಚ್ಚಿತ್ತು. ಗಂಡ ಅಥವಾ ಹೆಂಡತಿಯಲ್ಲಿ ಹೆಚ್ಚಿರಲಿಲ್ಲ. ಒಂದೇ ಸೂರು, ಒಂದೇ ಅಡಿಗೆ. ಆದರೂ ನೋವು ಹೋದದ್ದು ರಕ್ತಸಂಬಂಧದ ದಾರಿಯಲ್ಲಿ.

ಅದೇ ದೇಶದಲ್ಲಿ ಸಾವಿರಾರು ಅವಳಿಗಳ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಮೈಗ್ರೇನ್ ಇಲ್ಲದವರಲ್ಲಿ ಈ ನೋವಿಗೆ ವಂಶದ ಪಾಲು ಅರ್ಧಕ್ಕಿಂತ ಸ್ವಲ್ಪ ಕಡಿಮೆ ಅಂತ ಕಂಡಿತು. ಮಿಕ್ಕದ್ದು ಅವರವರ ಬದುಕಿನದು. ತಳಿ ಒಂದೇ ಆದರೂ ಗದ್ದೆ ಬೇರೆಯಾದರೆ ಬೆಳೆ ಬೇರೆ ಎಂಬುದು ನಮಗೆ ಹೊಸತಲ್ಲವಲ್ಲ!

ದುಡಿಮೆಯ ಪಾಲು

ಸಾಲದ ಚಿಂತೆ, ನಿದ್ದೆಗೇಡು, ಹೊತ್ತು ಮೀರಿದ ಊಟ, ಬಿಸಿಲಲ್ಲಿ ನೀರು ಕುಡಿಯದೆ ಕೆಲಸ, ಇವೆಲ್ಲ ನೋವನ್ನು ಕೆರಳಿಸಬಲ್ಲವು. ಗಂಟೆಗಟ್ಟಲೆ ಕತ್ತು ಬಗ್ಗಿಸಿ ಅಡಿಕೆ ಸುಲಿದರೆ, ಕತ್ತೆತ್ತಿ ಔಷಧಿ ಹೊಡೆದರೆ ಕತ್ತು, ಹೆಗಲಿನ ಸ್ನಾಯು ಬಿಗಿಯುತ್ತದೆ. ನಡುನಡುವೆ ಎದ್ದು ಕತ್ತು, ಹೆಗಲು ಸಡಿಲಿಸಿ. ಹೊತ್ತಿಗೆ ಉಣ್ಣಿ, ಹೊತ್ತಿಗೆ ಮಲಗಿ. ನೋವು ಬಂದ ದಿನ, ಹಿಂದಿನ ರಾತ್ರಿಯ ನಿದ್ದೆ, ಮಾಡಿದ ಕೆಲಸ ಇಷ್ಟನ್ನು ಒಂದು ತಿಂಗಳು ಬರೆದಿಡಿ. ನಿಮ್ಮ ನೋವಿಗೆ ಕಾರಣ ಯಾವುದು ಎಂಬುದು ಹೆಚ್ಚಾಗಿ ಅದರಲ್ಲೇ ಸಿಕ್ಕೀತು.

ಮಾತ್ರೆಯ ಬಗ್ಗೆ ಎಚ್ಚರ

ಅಪರೂಪಕ್ಕೊಂದು ಪ್ಯಾರಾಸಿಟಮಾಲ್ ತಪ್ಪಲ್ಲ. ಆದರೆ ತಿಂಗಳಲ್ಲಿ 15 ದಿನ ಅಥವಾ ಹೆಚ್ಚು ಇಂಥ ಮಾತ್ರೆ ನುಂಗುತ್ತಾ ಹೋದರೆ ಮಾತ್ರೆಯಿಂದಲೇ ತಲೆನೋವು ಹುಟ್ಟುತ್ತದೆ. ಹಲವು ಔಷಧಿ ಬೆರೆಸಿದ ಮಾತ್ರೆಯಾದರೆ 10 ದಿನವೇ ಸಾಕು. ಆ ಹಂತ ಮುಟ್ಟಿದವರು ವೈದ್ಯರನ್ನು ಕಾಣಲೇಬೇಕು. ಪದೇ ಪದೇ ಬರುವ ನೋವನ್ನು ತಡೆಯಲು ಬೇರೆ ಔಷಧಿಗಳಿವೆ.

ಕೀಟನಾಶಕ ಸಿಂಪಡಿಸಿದ ದಿನ ತಲೆನೋವಿನ ಜೊತೆ ಬೆವರು, ಜೊಲ್ಲು, ವಾಂತಿ, ಕಣ್ಣು ಮಂಜಾಗುವುದು ಕಂಡರೆ ಅದು ವಿಷಬಾಧೆ ಇರಬಹುದು. ಬಟ್ಟೆ ಬದಲಿಸಿ, ಮೈಗೆ ಸೋಪು ಹಚ್ಚಿ ತೊಳೆದು, ಡಬ್ಬಿಯ ಚೀಟಿ ಸಮೇತ ತಕ್ಷಣ ಆಸ್ಪತ್ರೆಗೆ ಹೋಗಿ. ಹಠಾತ್ತನೆ ಸಿಡಿದ ನೋವು, ಜ್ವರದೊಂದಿಗೆ ಕತ್ತು ಸೆಟೆಯುವುದು, ಕೈಕಾಲು ಸೋಲುವುದು, ಮಾತು ತೊದಲುವುದು ಕಂಡರೂ ಅಷ್ಟೇ. ಅಂಥ ಹೊತ್ತಿನಲ್ಲಿ "ನಮ್ಮ ವಂಶದ ತಲೆನೋವು" ಅಂತ ಮಲಗಬೇಡಿ.