ಎಂಜಿನಿಯರಿಂಗ್ ಪದವಿಯಾದ ಮೇಲೆ: ವ್ಯಾಸಂಗವೋ, ಉದ್ಯೋಗವೋ?

ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿಯು ಹೊಸನಗರ ತಾಲ್ಲೂಕನ್ನು ಹಾದು, ಸಾಗರ ತಾಲ್ಲೂಕಿನ ಜೋಗದಲ್ಲಿ 253 ಮೀಟರು ಆಳಕ್ಕೆ ಧುಮುಕುವುದನ್ನು ವಾಚಕರೆಲ್ಲರೂ ಬಲ್ಲರು. ಈ ಮೂರು ತಾಲ್ಲೂಕುಗಳ ಅಡಕೆಯ ತೋಟದ ಮನೆಗಳಿಂದ ಪ್ರತಿವರ್ಷವೂ ಅನೇಕ ತರುಣ ತರುಣಿಯರು ಎಂಜಿನಿಯರಿಂಗ್ ಪದವಿ ಪಡೆದು ಹೊರಬರುತ್ತಾರೆ. ಕೊನೆಯ ಪರೀಕ್ಷೆ ಮುಗಿಯುವುದಕ್ಕೆ ಮೊದಲೇ ಅವರನ್ನು ಒಂದು ಚಿಂತೆ ಹಿಡಿಯುತ್ತದೆ. ಇನ್ನೆರಡು ವರ್ಷ ಎಂ. ಟೆಕ್. ಓದುವುದೋ, ಸಿಕ್ಕಿದ ಕೆಲಸಕ್ಕೆ ಸೇರುವುದೋ? ಮನೆಯಲ್ಲಿ ವಿದ್ಯಾಭ್ಯಾಸದ ಸಾಲವಿರುತ್ತದೆ. ಕೊಳೆರೋಗ ಬಂದ ವರ್ಷ ಫಸಲಿನ ಭರವಸೆಯೂ ಇರುವುದಿಲ್ಲ. ನೆರೆಹೊರೆಯವರ ಸಲಹೆಗಂತೂ ಕೊರತೆಯಿಲ್ಲ. ಈ ಪ್ರಶ್ನೆಯನ್ನು ನಾವು ಎಂಜಿನಿಯರರು ಬೇರೆ ಪ್ರಶ್ನೆಗಳನ್ನು ನೋಡುವಂತೆಯೇ ಅಳೆದು ತೂಗಿ ನೋಡೋಣ.

ಮೊದಲು, ಪದವಿಯ ನಾಲ್ಕು ವರ್ಷಗಳು ಏನನ್ನು ಕಲಿಸುತ್ತವೆ, ಏನನ್ನು ಬಿಡುತ್ತವೆ ಎಂಬುದನ್ನು ತಿಳಿಯಬೇಕು. ಇದಕ್ಕೆ ನಮ್ಮ ಶರಾವತಿಯೇ ಸಾಕು. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿನ ನೀರು ತಳಕಳಲೆಯ ಜಲಾಶಯಕ್ಕೆ ಹರಿದು, ಅಲ್ಲಿಂದ ಭಾರಿ ಉಕ್ಕಿನ ಕೊಳವೆಗಳಲ್ಲಿ ಕಣಿವೆಗೆ ಇಳಿಯುತ್ತದೆ. ಕೆಳಗೆ ತಲಾ 103.5 ಮೆಗಾವ್ಯಾಟಿನ ಹತ್ತು ಘಟಕಗಳಿವೆ. ಸೆಕೆಂಡಿಗೆ ಒಂದು ಘನಮೀಟರು ನೀರು 400 ಮೀಟರು ಇಳಿದರೆ ದೊರೆಯುವ ಶಕ್ತಿ ಎಷ್ಟು? 9.81ನ್ನು 400ರಿಂದ ಗುಣಿಸಿದರೆ ಸುಮಾರು 3,900 ಕಿಲೋವ್ಯಾಟ್. ಇದು ಪದವಿಯ ಗಣಿತ. ಇದನ್ನು ಪದವೀಧರನು ತಪ್ಪಿಲ್ಲದೆ ಮಾಡಬಲ್ಲನು.

ಆದರೆ ಎಲ್ಲಿಯೋ ವಿದ್ಯುತ್ ಮಾರ್ಗ ಕಡಿದು, ಯಂತ್ರದ ಮೇಲಿನ ಹೊರೆ ಒಮ್ಮೆಗೇ ತಪ್ಪಿತೆನ್ನಿ. ನೀರನ್ನು ಕೂಡಲೇ ನಿಲ್ಲಿಸದಿದ್ದರೆ ಚಕ್ರವು ಹುಚ್ಚು ವೇಗದಲ್ಲಿ ತಿರುಗುತ್ತದೆ. ಕೂಡಲೇ ನಿಲ್ಲಿಸಿದರೋ, ಓಡುತ್ತಿದ್ದ ನೀರು ಕೊಳವೆಯೊಳಗೆ ಸುತ್ತಿಗೆಯಂತೆ ಬಡಿಯುತ್ತದೆ. ಉಕ್ಕಿನ ಕೊಳವೆಯಲ್ಲಿ ಈ ಒತ್ತಡದ ಅಲೆಯು ಸೆಕೆಂಡಿಗೆ ಸುಮಾರು ಒಂದು ಸಾವಿರ ಮೀಟರು ವೇಗದಲ್ಲಿ ಸಾಗುವುದರಿಂದ, ಸೆಕೆಂಡಿಗೆ ಒಂದೇ ಮೀಟರು ವೇಗದ ಹರಿವನ್ನು ಹಠಾತ್ತನೆ ತಡೆದರೂ ಒತ್ತಡವು 100 ಮೀಟರು ಎತ್ತರದ ನೀರಿನಷ್ಟು ಏರಿಬಿಡುತ್ತದೆ. ಆದಕಾರಣ ಪೆಲ್ಟನ್ ಚಕ್ರಗಳಲ್ಲಿ ಒಂದು ತಗಡು ಥಟ್ಟನೆ ಅಡ್ಡಬಂದು ನೀರಿನ ಧಾರೆಯನ್ನು ಚಕ್ರದಿಂದ ಆಚೆಗೆ ತಿರುಗಿಸುತ್ತದೆ. ಧಾರೆಯ ಬಾಯಿಯ ಸೂಜಿಯು ಆಮೇಲೆ ನಿಧಾನವಾಗಿ ಮುಚ್ಚಿಕೊಳ್ಳುತ್ತದೆ.

ಆ ತಗಡು ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂಬುದನ್ನು ಸದ್ದಿನಿಂದಲೇ ಗುರುತಿಸುವ ವಿದ್ಯೆ ಯಂತ್ರದ ಬಳಿ ವರ್ಷಗಟ್ಟಲೆ ನಿಂತವರಿಗೆ ಮಾತ್ರ ಬರುತ್ತದೆ. ಯಾವ ವಿಶ್ವವಿದ್ಯಾನಿಲಯವೂ ಅದನ್ನು ಕಲಿಸಲಾರದು. ಸೂಜಿ ಮುಚ್ಚಲು ಎಷ್ಟು ಸೆಕೆಂಡು ಬೇಕು, ಹೊಸ ಕೊಳವೆಯ ಗೋಡೆ ಎಷ್ಟು ದಪ್ಪವಿರಬೇಕು, ಕವಲೊಡೆದ ಕೊಳವೆಗಳಲ್ಲಿ ಅಲೆಗಳು ಹೇಗೆ ಪ್ರತಿಫಲಿಸುತ್ತವೆ ಎಂಬುದನ್ನು ನಿರ್ಣಯಿಸುವುದಕ್ಕೆ ಮಾತ್ರ ಮುಂದಿನ ವ್ಯಾಸಂಗ ಬೇಕೇ ಬೇಕು. ಹಾಗಾದರೆ ‘ಯಾವುದು ಮೇಲು?’ ಎಂದು ಕೇಳುವುದು ವ್ಯರ್ಥ. ನನ್ನ ಮನಸ್ಸನ್ನು ಕಾಡುವ ಪ್ರಶ್ನೆ ಇವೆರಡರಲ್ಲಿ ಯಾವ ಜಾತಿಯದು ಎಂದು ಕೇಳಿಕೊಳ್ಳಬೇಕು. ಯಾವ ಪ್ರಶ್ನೆಯೂ ಕಾಡುತ್ತಿಲ್ಲವೆಂದಾದರೆ, ಕೆಲಸಕ್ಕೆ ಸೇರುವುದೇ ಲೇಸೆಂದು ನಮ್ಮ ಅಭಿಪ್ರಾಯ. ಕೆಲಸ ಸಿಗಲಿಲ್ಲವೆಂಬ ಒಂದೇ ಕಾರಣಕ್ಕೆ ಎಂ. ಟೆಕ್. ಸೇರಿದವರು ಎರಡು ವರ್ಷದ ತರುವಾಯ ಅದೇ ಬಾಗಿಲಲ್ಲಿ ನಿಂತಿರುವುದನ್ನು ನಾವು ಕಂಡಿದ್ದೇವೆ.

ಎರಡು ದಾರಿಗಳಿಗೂ ನಮ್ಮ ನಾಡಿನಲ್ಲಿಯೇ ನಿದರ್ಶನವುಂಟು. ವಿಶ್ವೇಶ್ವರಯ್ಯನವರು 1883ರಲ್ಲಿ ಪುಣೆಯಲ್ಲಿ ಎಂಜಿನಿಯರಿಂಗ್ ಮುಗಿಸಿ, ಮರುವರ್ಷವೇ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಎಂಜಿನಿಯರಾದರು. ಖಡಕ್‌ವಾಸ್ಲಾ ಜಲಾಶಯಕ್ಕೆ ಅವರು ರೂಪಿಸಿದ ಸ್ವಯಂಚಾಲಿತ ಬಾಗಿಲುಗಳು ಬಂದದ್ದು ಸುಮಾರು ಇಪ್ಪತ್ತು ವರ್ಷಗಳ ಸೇವೆಯ ಅನಂತರ, 1903ರಲ್ಲಿ. ಆ ಪ್ರಶ್ನೆ ಹುಟ್ಟಿದ್ದೇ ಕೆಲಸದ ನಡುವೆ. ರೊದ್ದಂ ನರಸಿಂಹ ಅವರಾದರೋ 1953ರಲ್ಲಿ ಬೆಂಗಳೂರಿನಲ್ಲಿ ಪದವಿ ಪಡೆದು ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿದರು. ಶಾಂತವಾದ ಹರಿವು ಪ್ರಕ್ಷುಬ್ಧವಾಗುವುದು ಹೇಗೆಂಬುದನ್ನು ಸತೀಶ್ ಧವನರೊಡನೆ ಅಭ್ಯಸಿಸಿದರು. 1961ರಲ್ಲಿ ಅಮೆರಿಕದ ಕ್ಯಾಲ್‌ಟೆಕ್‌ನಲ್ಲಿ ಡಾಕ್ಟರೇಟ್ ಪಡೆದು ಹಿಂದಿರುಗಿದರು. ಅಂಥ ಪ್ರಶ್ನೆಗೆ ಕಾರ್ಖಾನೆಯಲ್ಲಿ ಉತ್ತರವಿರಲಿಲ್ಲ.

ಇನ್ನು ಹಣದ ಮಾತು. ಇದನ್ನು ಸಂಕೋಚಪಡದೆ ಆಡಬೇಕು. ಪದವೀಧರನಿಗೆ ತಿಂಗಳಿಗೆ 25,000 ರೂಪಾಯಿ ಸಂಬಳ ದೊರೆಯುವುದೆಂದು ಊಹಿಸೋಣ. ಎರಡು ವರ್ಷಕ್ಕೆ ಅದು 6,00,000 ರೂಪಾಯಿ. ‘ಗೇಟ್’ ಪರೀಕ್ಷೆಯಲ್ಲಿ ಅರ್ಹತೆ ಗಳಿಸಿ ಎಂ. ಟೆಕ್. ಸೇರಿದವರಿಗೆ ದೊರೆಯುವ ವಿದ್ಯಾರ್ಥಿವೇತನ ತಿಂಗಳಿಗೆ 12,400ರಂತೆ 2,97,600 ರೂಪಾಯಿ. ವ್ಯತ್ಯಾಸ 3,02,400. ಮುಂದೆ ಸಂಬಳವು ತಿಂಗಳಿಗೆ 10,000 ಹೆಚ್ಚು ಬಂದರೆ ಈ ನಷ್ಟ ಮೂವತ್ತೊಂದು ತಿಂಗಳಲ್ಲಿ ತುಂಬಿಬರುತ್ತದೆ; 3,000 ಮಾತ್ರ ಹೆಚ್ಚಾದರೆ ಎಂಟು ವರ್ಷಕ್ಕೂ ಮಿಕ್ಕಿ ಬೇಕು. ವಿದ್ಯಾರ್ಥಿವೇತನವಿಲ್ಲದೆ ಶುಲ್ಕ ಕೊಟ್ಟು ಓದುವವನ ಲೆಕ್ಕ ಇನ್ನೂ ಕಠಿಣ. ಓದುವಾಗ ಸಾಲದ ಕಂತು ನಿಂತರೂ ಬಡ್ಡಿ ಬೆಳೆಯುತ್ತಿರುತ್ತದೆಂಬುದನ್ನು ಮರೆಯಬಾರದು. ನಮ್ಮ ಅಂಕಿಗಳ ಬದಲಿಗೆ ತಮ್ಮ ಅಂಕಿಗಳನ್ನಿಟ್ಟು, ಮನೆಯವರ ಎದುರಿಗೇ ಕುಳಿತು ವಿದ್ಯಾರ್ಥಿಗಳು ಈ ಲೆಕ್ಕ ಮಾಡಲಿ. ತಂದೆಗೆ ತೋಟದ ಲೆಕ್ಕ ತಿಳಿದಿರುವುದರಿಂದ ಇದೂ ತಿಳಿಯುತ್ತದೆ.

ಹತ್ತನೆಯ ತರಗತಿಯ ಬಳಿಕ ಸಾಗರದಲ್ಲೋ ತೀರ್ಥಹಳ್ಳಿಯಲ್ಲೋ ಪಾಲಿಟೆಕ್ನಿಕ್ ಸೇರುವವರಿಗೂ ಇದೇ ಪ್ರಶ್ನೆ ಮೂರು ವರ್ಷದಲ್ಲಿ ಎದುರಾಗುತ್ತದೆ. ಡಿಪ್ಲೊಮಾ ಮುಗಿಸಿದವರು ಬಿ. ಇ. ತರಗತಿಯ ಎರಡನೆಯ ವರ್ಷಕ್ಕೇ ಪ್ರವೇಶ ಪಡೆಯಬಹುದು.

ಕೆಲಸಕ್ಕೆ ಹೋದರೆ ಓದಿನ ಬಾಗಿಲು ಮುಚ್ಚಿತೆಂದು ಭಯಪಡುವವರು ಬಹಳ. ಅದು ಅಷ್ಟು ಸತ್ಯವಲ್ಲ. ಸಾಮಾನ್ಯವಾಗಿ ಫೆಬ್ರವರಿಯಲ್ಲಿ ನಡೆಯುವ ‘ಗೇಟ್’ ಪರೀಕ್ಷೆಗೆ ಪದವಿಯ ಮೂರನೆಯ ವರ್ಷದಿಂದಲೇ ಕುಳಿತುಕೊಳ್ಳಬಹುದು. ಅದರ ಅಂಕಪತ್ರ ಫಲಿತಾಂಶ ಬಂದಂದಿನಿಂದ ಮೂರು ವರ್ಷ ಸಲ್ಲುತ್ತದೆ. ಕೊನೆಯ ವರ್ಷ ಪಾಠಗಳು ಹಸಿಯಾಗಿರುವಾಗಲೇ ಪರೀಕ್ಷೆ ಬರೆದು, ಕೆಲಸಕ್ಕೆ ಸೇರಿ, ಎರಡು ಮಳೆಗಾಲ ಕಳೆದ ಮೇಲೂ ಆ ಅಂಕಪತ್ರವನ್ನು ಪೆಟ್ಟಿಗೆಯಿಂದ ಹೊರತೆಗೆಯಲು ಸಮಯವಿರುತ್ತದೆ.