ಆಶ್ರಯಧಾಮದ ನಾಯಿ ತೋಟದ ಮನೆಗೆ ಬಂದಾಗ

ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳಲ್ಲಿ ಊರಿನಿಂದ ದೂರ, ತೋಟದ ಮನೆಯಲ್ಲಿ ವಾಸಿಸುವ ರೈತನಿಗೆ ನಾಯಿ ಬೇಕೇ ಬೇಕು. ಮಾವಿನ ತೋಪು, ಕೊಟ್ಟಿಗೆಯ ಮಿಶ್ರತಳಿ ಹಸು, ಕಣದಲ್ಲಿನ ರಾಗಿ ಇವೆಲ್ಲಕ್ಕೂ ರಾತ್ರಿಯ ಕಾವಲು ಅದರದೇ. ಇದಕ್ಕಾಗಿ ಸಾವಿರಾರು ರೂಪಾಯಿ ತೆತ್ತು ಶೀತದೇಶದ ದಟ್ಟ ಕೂದಲಿನ ಮರಿಯನ್ನು ತರುವವರೂ ಉಂಟು. ಅಂತಹ ನಾಯಿ ಈ ಸೀಮೆಯ ಬೇಸಿಗೆಯಲ್ಲಿ ಏದುಸಿರು ಬಿಡುತ್ತ ನೆರಳಿನಲ್ಲಿ ಮಲಗುವುದೇ ಹೆಚ್ಚು. ಕಂತ್ರಿ ನಾಯಿಯೆಂದು ಹೀಗಳೆಯುವ ನಾಡನಾಯಿಗೆ ಈ ತೊಂದರೆಯಿಲ್ಲ. ಗಿಡ್ಡ ಕೂದಲು, ಹಗುರ ಮೈ, ಚುರುಕು ಕಿವಿ ಅದಕ್ಕೆ ಹುಟ್ಟಿನಿಂದಲೇ ಬಂದವು. ಬೆಂಗಳೂರಿನಲ್ಲಿ 1991ರಲ್ಲಿ ಆರಂಭವಾದ ಕ್ಯೂಪಾ ಮುಂತಾದ ಪ್ರಾಣಿದಯಾ ಸಂಸ್ಥೆಗಳು ಅನಾಥ ನಾಯಿಗಳನ್ನು ಸಾಕಲು ಒಪ್ಪುವವರಿಗೆ ಕೊಡುತ್ತವೆ. ಮುಧೋಳದ ಬೇಟೆನಾಯಿ ನಮ್ಮ ನಾಡಿನ ಹೆಮ್ಮೆಯೇ ಸರಿ. ಆದರೆ ಓಡಲು ಹುಟ್ಟಿದ ಆ ತಳಿಯನ್ನು ಎರಡೆಕರೆ ತೋಟದಲ್ಲಿ ಕಟ್ಟಿಹಾಕುವುದು ನಾಯಿಗೂ ಕಷ್ಟ, ಒಡೆಯನಿಗೂ ಕಷ್ಟ.

ಬೀದಿನಾಯಿಗಳ ಹೆಚ್ಚಳಕ್ಕೂ ರಾಮದೇವರ ಬೆಟ್ಟಕ್ಕೂ ಒಂದು ನಂಟಿದೆ. ಉದ್ದ ಕೊಕ್ಕಿನ ರಣಹದ್ದುಗಳಿರುವ ಆ ಬೆಟ್ಟವನ್ನು 2012ರಲ್ಲಿ ರಣಹದ್ದು ಧಾಮವೆಂದು ಘೋಷಿಸಲಾಯಿತು. ಹಿಂದೆ ಊರಾಚೆ ಎಸೆದ ಸತ್ತ ದನವನ್ನು ರಣಹದ್ದುಗಳು ಕೆಲವೇ ಗಂಟೆಗಳಲ್ಲಿ ತಿಂದು ಮುಗಿಸುತ್ತಿದ್ದವು. ದನಗಳಿಗೆ ನೋವು ನಿವಾರಣೆಗೆ ಕೊಡುತ್ತಿದ್ದ ಡೈಕ್ಲೋಫಿನಾಕ್ ಔಷಧಿಯು ಹೆಣದ ಮೂಲಕ ಹದ್ದಿನ ಹೊಟ್ಟೆ ಸೇರಿ ಅದರ ಮೂತ್ರಪಿಂಡವನ್ನು ಕೆಡಿಸಿತು. ದೇಶದಾದ್ಯಂತ ಹದ್ದುಗಳು ಅಳಿದವು. ಅವು ತಿನ್ನುತ್ತಿದ್ದ ಮಾಂಸ ನಾಯಿಗಳ ಪಾಲಾಗಿ ನಾಯಿಗಳು ಹೆಚ್ಚಿದವು. 2006ರಲ್ಲಿ ಈ ಔಷಧಿಯನ್ನು ಪಶುಗಳಿಗೆ ಬಳಸುವುದನ್ನು ನಿಷೇಧಿಸಲಾಯಿತು. ಆದುದರಿಂದ ಸತ್ತ ಜಾನುವಾರನ್ನು ಆಳವಾದ ಗುಂಡಿಯಲ್ಲಿ ಹೂಳಬೇಕು. ಚಿರತೆಗಾಗಲಿ ನಾಯಿಗಾಗಲಿ ಹೆಣಕ್ಕೆ ವಿಷವಿಡುವುದು ಅಪರಾಧ. ಆ ವಿಷ ಹದ್ದನ್ನೂ ಕೊಲ್ಲುತ್ತದೆ.

ನಾಯಿಯ ಆಯ್ಕೆ

ಎರಡು ತಿಂಗಳಿಗಿಂತ ಎಳೆಯದಾದ ಮರಿಯನ್ನು ತಾಯಿಯಿಂದ ಅಗಲಿಸಬಾರದು. ಮನೆಯಲ್ಲಿ ಆಡು, ಕುರಿ, ಕೋಳಿಗಳಿದ್ದರೆ ಒಂದೆರಡು ವರ್ಷದ, ಸ್ವಭಾವ ಗೊತ್ತಿರುವ ನಾಯಿಯನ್ನು ತರುವುದೇ ಲೇಸು. ಆಶ್ರಯಧಾಮದವರು ಅದರ ಗುಣವನ್ನು ನೋಡಿರುತ್ತಾರೆ. ಮಕ್ಕಳೊಡನೆ ಹೇಗೆ, ಬೇರೆ ನಾಯಿಗಳೊಡನೆ ಹೇಗೆ ಎಂದು ಕೇಳಿ ತಿಳಿಯಬೇಕು. ಕಿವಿಯ ತುದಿಯನ್ನು ಸ್ವಲ್ಪ ಕತ್ತರಿಸಿದ್ದರೆ ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆಯೆಂದು ಅರ್ಥ. ಆದರೆ ಲಸಿಕೆಯ ಅವಧಿ ಇನ್ನೂ ಇದೆಯೆಂದು ಅದರಿಂದ ತಿಳಿಯದು. ಲಸಿಕೆ ಹಾಕಿದ ಚೀಟಿಯನ್ನು ತಪ್ಪದೆ ಕೇಳಿ ಪಡೆಯಬೇಕು.

ತಂದ ನಾಯಿಯನ್ನು ಎರಡು ವಾರ ಬೇರೆ ನಾಯಿಗಳಿಂದ ದೂರವಿಡಬೇಕು. ಮೊದಲ ಕೆಲವು ದಿನ ಅದು ಮೂಲೆ ಸೇರಿ ಊಟ ಬಿಡಬಹುದು. ಆಗ ಮಕ್ಕಳು ಸುತ್ತುಗಟ್ಟಿ ಮುಟ್ಟುವುದು, ತಿನ್ನುವಾಗ ತಟ್ಟೆಗೆ ಕೈ ಹಾಕುವುದು ಕೂಡದು. ಬೆದರಿದ ನಾಯಿ ಕಚ್ಚುತ್ತದೆ. ಒಬ್ಬರೇ ಹೊತ್ತಿಗೆ ಸರಿಯಾಗಿ ಊಟ ಹಾಕಿ, ಒಂದೇ ಹೆಸರಿನಿಂದ ಕರೆಯುತ್ತಿರಬೇಕು. ದನ, ಕೋಳಿಗಳನ್ನು ಪರಿಚಯಿಸುವಾಗ ಹಗ್ಗ ಕೈಯಲ್ಲಿರಲಿ. ಪೂರ್ಣವಾಗಿ ಹೊಂದಿಕೊಳ್ಳಲು ಎರಡು ಮೂರು ತಿಂಗಳು ಬೇಕು. ವಾರದಲ್ಲೇ 'ಇದು ಬಾರದ ನಾಯಿ' ಎಂದು ತೀರ್ಮಾನಿಸುವುದು ದುಡುಕು.

ಹುಚ್ಚುನಾಯಿ ರೋಗ

ಈ ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಮನುಷ್ಯನಾಗಲಿ ಹಸುವಾಗಲಿ ಉಳಿಯುವುದಿಲ್ಲವೆಂದೇ ಹೇಳಬೇಕು. ಮುಂಚಿತವಾಗಿ ತಡೆಯುವುದೊಂದೇ ದಾರಿ. ಮರಿಗೆ ಮೂರು ತಿಂಗಳಾದಾಗ ಮೊದಲ ಲಸಿಕೆ, ಅನಂತರ ಪಶುವೈದ್ಯರು ಹೇಳಿದಂತೆ ಎರಡನೆಯದು, ಆಮೇಲೆ ವರ್ಷಕ್ಕೊಮ್ಮೆ ಹಾಕಿಸಬೇಕು. ಹಿನ್ನೆಲೆ ತಿಳಿಯದ ನಾಯಿಗೆ ತಂದ ವಾರದಲ್ಲೇ ಹಾಕಿಸುವುದು ಒಳ್ಳೆಯದು.

ಯಾವ ನಾಯಿ ಕಚ್ಚಿದರೂ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಬೇಕು. ಇದನ್ನು ಸಣ್ಣ ಕೆಲಸವೆಂದು ಬಿಡುವವರೇ ಹೆಚ್ಚು. ಆದರೆ ಗಾಯದಲ್ಲಿನ ವಿಷಾಣು ಅಲ್ಲಿಯೇ ಬಹುಮಟ್ಟಿಗೆ ತೊಳೆದು ಹೋಗುತ್ತದೆ. ಮೆಣಸಿನ ಪುಡಿ, ಸುಣ್ಣ, ಅರಿಶಿನ, ಸೊಪ್ಪಿನ ರಸ ಯಾವುದನ್ನೂ ಮೆತ್ತಬಾರದು. ಮಂತ್ರ ಹಾಕಿಸಿ ದಾರ ಕಟ್ಟಿಸುತ್ತ ದಿನ ಕಳೆದರೆ ಪ್ರಾಣಕ್ಕೇ ಅಪಾಯ. ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಆರಂಭಿಸಬೇಕು. ಹೊಕ್ಕಳ ಸುತ್ತ ಹದಿನಾಲ್ಕು ಸೂಜಿ ಚುಚ್ಚುತ್ತಿದ್ದ ಕಾಲ ಈಗಿಲ್ಲ. ತೋಳಿಗೆ ನಾಲ್ಕೈದು ಸಲ, ವೈದ್ಯರು ಹೇಳಿದ ದಿನಗಳಂದು ಹಾಕುತ್ತಾರೆ. ಗಾಯ ಆಳವಾಗಿದ್ದರೆ ಗಾಯದ ಸುತ್ತ ಬೇರೊಂದು ಮದ್ದೂ ಬೇಕಾಗುತ್ತದೆ. ಕಚ್ಚಿದ ನಾಯಿಯನ್ನು ಕೊಲ್ಲದೆ ಹತ್ತು ದಿನ ಗಮನಿಸಬೇಕು. ಆದರೆ ಚುಚ್ಚುಮದ್ದನ್ನು ಅದಕ್ಕಾಗಿ ಕಾಯಿಸಬಾರದು. ಹಸುವನ್ನು ಕಚ್ಚಿದರೂ ಗಾಯ ತೊಳೆದು ಪಶು ಆಸ್ಪತ್ರೆಗೆ ತಿಳಿಸಬೇಕು. ಜೊಲ್ಲು ಸುರಿಸುತ್ತ, ಮೇವು ನುಂಗಲಾರದ ಹಸುವಿನ ಗಂಟಲಲ್ಲಿ ಏನೋ ಸಿಕ್ಕಿದೆಯೆಂದು ಬರಿಗೈ ಹಾಕುವುದು ಬಲು ಅಪಾಯಕರ.

ಇದಲ್ಲದೆ ರಕ್ತಭೇದಿ ತರುವ ಪಾರ್ವೋ, ಡಿಸ್ಟೆಂಪರ್, ಇಲಿಮೂತ್ರದಿಂದ ಹರಡುವ ಲೆಪ್ಟೋಸ್ಪೈರೋಸಿಸ್‌ಗಳಿಗೆ ಒಟ್ಟಾಗಿ ಹಾಕುವ ಲಸಿಕೆಯುಂಟು. ಜಂತುನಾಶಕವನ್ನು ಮೂರು ತಿಂಗಳಿಗೊಮ್ಮೆ ಕೊಡಬೇಕು.

ಉಣ್ಣೆ ಮತ್ತು ರೇಷ್ಮೆಹುಳು

ಉಣ್ಣೆ ಕಚ್ಚಿದ ನಾಯಿಗೆ ಜ್ವರ ಬಂದು, ವಸಡು ಬಿಳಿಚಿ, ಕೆಲವೊಮ್ಮೆ ಮೂಗಿನಿಂದ ರಕ್ತ ಸೋರುತ್ತದೆ. ಬೇಗ ಚಿಕಿತ್ಸೆಯಾದರೆ ಗುಣವಾಗುವ ರೋಗವಿದು. ಆದರೆ ರೇಷ್ಮೆ ಸಾಕುವ ರೈತರು ಇಲ್ಲಿ ವಿಶೇಷ ಎಚ್ಚರ ವಹಿಸಬೇಕು. ಉಣ್ಣೆ ಕೊಲ್ಲಲು ಬಳಸುವ ಡೆಲ್ಟಾಮೆತ್ರಿನ್, ಸೈಪರ್‌ಮೆತ್ರಿನ್ ಮುಂತಾದ ಔಷಧಿಗಳ ಅತ್ಯಲ್ಪ ಅಂಶವೂ ರೇಷ್ಮೆಹುಳುವಿಗೆ ವಿಷ. ನಾಯಿಗೆ ಔಷಧಿ ಹಚ್ಚಿದ ಕೈಯಿಂದಲೇ ಸೊಪ್ಪು ಮುಟ್ಟಿದರೆ ಇಡೀ ಬೆಳೆಯೇ ಕೈಬಿಟ್ಟೀತು. ಹುಳು ಸಾಕುವ ದಿನಗಳಲ್ಲಿ ಈ ಕೆಲಸವನ್ನು ಹುಳು ಮನೆಯಿಂದ ದೂರದಲ್ಲಿ, ಹುಳುವಿನ ಕೆಲಸ ಮಾಡದ ಬೇರೆಯವರೇ ಮಾಡಲಿ. ಸ್ನಾನ ಮಾಡಿ ಬಟ್ಟೆ ಬದಲಿಸಲಿ. ಸಾಧ್ಯವಾದರೆ ಗೂಡು ಬಿಡಿಸಿ, ಮುಂದಿನ ಚಾಕಿ ತರುವ ಮೊದಲು ಸಿಗುವ ಬಿಡುವಿನಲ್ಲೇ ಮುಗಿಸಬೇಕು. ನಾಯಿಯನ್ನು ಹುಳು ಮನೆಯೊಳಗೆ, ಸೊಪ್ಪಿನ ರಾಶಿಯ ಮೇಲೆ, ಚಂದ್ರಿಕೆಗಳ ಬಳಿ ಎಂದೂ ಬಿಡಬಾರದು. ನುಂಗಿಸುವ ಉಣ್ಣೆ ಮಾತ್ರೆಗಳೂ ಈಗ ಬಂದಿವೆ. ಬೆಲೆ ಹೆಚ್ಚಾದರೂ ಮೈಗೆ ಸವರುವ ಕೆಲಸ ತಪ್ಪುತ್ತದೆ. ಬೆಳೆಗೆ ಸಿಂಪಡಿಸುವ ಕೀಟನಾಶಕವನ್ನೋ ಸೀಮೆಎಣ್ಣೆಯನ್ನೋ ನಾಯಿಗೆ ಸವರಿದರೆ ಉಣ್ಣೆಗಿಂತ ಮೊದಲು ನಾಯಿಯೇ ಸತ್ತೀತು.

ಆಹಾರ

ರಾಗಿ ಮುದ್ದೆ ನಾಯಿಗೆ ಒಗ್ಗುತ್ತದೆ, ಅದೊಂದೇ ಸಾಲದು. ಮೊಟ್ಟೆ, ಮಜ್ಜಿಗೆ, ಬೇಯಿಸಿದ ಮಾಂಸದ ತುಣುಕು ಸೇರಿಸಬೇಕು. ಹಸಿ ಕರುಳು, ಶ್ವಾಸಕೋಶಗಳನ್ನು ಹಾಕಿದರೆ ನಾಯಿಯ ಲಾಡಿಹುಳು ಮನೆಯವರಿಗೂ ಕಾಯಿಲೆ ತಂದೀತು. ಬೇಯಿಸಿದ ಕೋಳಿ ಮೂಳೆ ಸೀಳಿ ಕರುಳಿಗೆ ಚುಚ್ಚುತ್ತದೆ. ಈರುಳ್ಳಿ, ದ್ರಾಕ್ಷಿ, ಚಾಕೊಲೇಟ್ ವಿಷ. ಮಾವಿನ ಕಾಲದಲ್ಲಿ ನುಂಗಿದ ಓಟೆ ಕರುಳಿಗೆ ಅಡ್ಡವಾದರೆ ಶಸ್ತ್ರಚಿಕಿತ್ಸೆಯೇ ಗತಿ. ಮನುಷ್ಯರ ನೋವಿನ ಮಾತ್ರೆಗಳನ್ನು ಕೊಡಲೇಬಾರದು. ಇಲಿಪಾಷಾಣ ಇಟ್ಟ ರಾತ್ರಿ ನಾಯಿಯನ್ನು ಬಿಡಬಾರದು.

ಚಿರತೆಯ ಭಯ

ಈ ತಾಲ್ಲೂಕುಗಳ ಕಲ್ಲುಬೆಟ್ಟಗಳಲ್ಲಿ ಚಿರತೆಗಳಿವೆ; ಊರಂಚಿನ ನಾಯಿ ಅವಕ್ಕೆ ಸುಲಭದ ಬೇಟೆ. ಕಾವಲಿಗೆಂದು ನಾಯಿಯನ್ನು ಅಂಗಳದಲ್ಲಿ ಸರಪಳಿಯಿಂದ ಕಟ್ಟಿದರೆ ಚಿರತೆಯನ್ನು ಮನೆಬಾಗಿಲಿಗೆ ಕರೆದಂತೆ. ಪಾಪ, ಕಟ್ಟಿದ ನಾಯಿ ಓಡಲೂ ಆರದು. ಕತ್ತಲಾದ ಮೇಲೆ ಅದು ಬಾಗಿಲಿರುವ ಕೋಣೆಯಲ್ಲಿಯೋ ಜಾಲರಿ ಹಾಕಿದ ಕೊಟ್ಟಿಗೆಯಲ್ಲಿಯೋ ಇರಬೇಕು. ಒಳಗಿನಿಂದ ಬೊಗಳಿದರೂ ಕಾವಲು ಕಾವಲೇ. ಚಿರತೆ ಹಿಡಿದ ನಾಯಿಯನ್ನು ಬಿಡಿಸಲು ದೊಣ್ಣೆ ಹಿಡಿದು ಓಡಬಾರದು. ಅರಣ್ಯ ಇಲಾಖೆಗೆ ತಿಳಿಸಬೇಕು. ಆನೆ ತಿರುಗುವ ಕನಕಪುರದ ಕಾಡಂಚಿನಲ್ಲಿ ಹೊಲಕ್ಕೆ ಹೋಗುವಾಗ ನಾಯಿಯನ್ನು ಜೊತೆಗೆ ಕರೆದೊಯ್ಯದಿರುವುದೇ ಮೇಲು. ಬೊಗಳಿ ಆನೆಯನ್ನು ಕೆಣಕಿದ ನಾಯಿ ಕೊನೆಗೆ ಓಡಿ ಬರುವುದು ಒಡೆಯನ ಬಳಿಗೇ.

ಸಂತಾನ ನಿಯಂತ್ರಣ ಮತ್ತು ಕಾನೂನು

ಹೆಣ್ಣು ನಾಯಿ ಸುಮಾರು 63 ದಿನಗಳಲ್ಲಿ ಮರಿ ಹಾಕುತ್ತದೆ. ಬೇಡವಾದ ಮರಿಗಳನ್ನು ಗೋಣಿಚೀಲದಲ್ಲಿ ಕಟ್ಟಿ ಸಂತೆಮಾಳದಲ್ಲಿ ಬಿಡುವ ಕೆಟ್ಟ ಪದ್ಧತಿ ತಪ್ಪಬೇಕಾದರೆ, ಹೆಣ್ಣಿರಲಿ ಗಂಡಿರಲಿ, ಶಸ್ತ್ರಚಿಕಿತ್ಸೆ ಮಾಡಿಸಬೇಕು. ಇದರಿಂದ ಕಾವಲು ಗುಣ ಕುಗ್ಗುತ್ತದೆಂಬುದು ತಪ್ಪು ತಿಳಿವಳಿಕೆ. ಬೀದಿನಾಯಿಗಳ ಶಸ್ತ್ರಚಿಕಿತ್ಸೆ ಮತ್ತು ಲಸಿಕೆ 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳಂತೆ ಸ್ಥಳೀಯ ಸಂಸ್ಥೆಗಳ ಹೊಣೆ. ಸಾಕಿದ ನಾಯಿಯದು ಸಾಕಿದವನ ಹೊಣೆ. ಬೀದಿನಾಯಿಯನ್ನು ದತ್ತು ಪಡೆಯಬಯಸುವವರು ನಗರ ಸಂಸ್ಥೆಗೆ ಅರ್ಜಿ ಸಲ್ಲಿಸಬಹುದೆಂದೂ, ಹಾಗೆ ಪಡೆದ ನಾಯಿ ಮತ್ತೆ ಬೀದಿಗೆ ಬರದಂತೆ ನೋಡಿಕೊಳ್ಳಬೇಕೆಂದೂ ಸರ್ವೋಚ್ಚ ನ್ಯಾಯಾಲಯ 2025ರ ಆಗಸ್ಟ್‌ನಲ್ಲಿ ಹೇಳಿದೆ. ಹಸಿವು ನೀರಡಿಕೆಯಿಂದ ನರಳುವಂತೆ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಂತೆ ಅಪರಾಧ. ಸಾಕಲು ಆಗದ ಸ್ಥಿತಿ ಬಂದರೆ ನಾಯಿಯನ್ನು ಲಸಿಕೆ ಚೀಟಿಯ ಸಮೇತ ತಂದ ಆಶ್ರಯಧಾಮಕ್ಕೇ ಒಪ್ಪಿಸಬೇಕು.