ಎರಡೂ ಮುಳ್ಳು ಒಂದೇ ಅಂಕಿಗೆ ನಿಂತಾಗ

ನಮ್ಮ ತಿಕೋಟಾ ಕಡೆ ಡ್ರಿಪ್ ಇಲ್ಲದ ದ್ರಾಕ್ಷಿ ಪಡ ಹುಡುಕಿದರೂ ಸಿಗಲಿಕ್ಕಿಲ್ಲ. ಆದರೆ ಫಿಲ್ಟರಿನ ಹಿಂದೊಂದು ಮುಂದೊಂದು ಗೇಜ್ ಇದ್ದು, ಎರಡೂ ಖರೇ ಅಂಕಿ ತೋರಿಸುವ ಪಡ ಎಷ್ಟಿವೆ ಎಂದು ಯಾರಾದರೂ ಎದೆ ಮುಟ್ಟಿಕೊಂಡು ಹೇಳಲಿ ನೋಡೋಣ. ಹೋದ ಹಂಗಾಮಿನಲ್ಲಿ ನಮ್ಮ ಪಡದ ಕೊನೆಯ ಸಾಲುಗಳು ಕೆಟ್ಟವು. ಹೊಂಡದಲ್ಲಿ ನೀರಿತ್ತು, ಮೋಟರೂ ಗಟ್ಟಿ ಇತ್ತು. ಆ ಎರಡು ಮುಳ್ಳುಗಳ ಮಾತು ಕೇಳುವ ವ್ಯವಧಾನ ಮಾತ್ರ ಯಾರಿಗೂ ಇರಲಿಲ್ಲ. ನಾನು ಹೇಳಿದ್ದೆ. ಹೇಳಿದ್ದಕ್ಕೆ "ಸಾಲಿ ಮಾಸ್ತರಂದು ಶುರುವಾತು" ಎನ್ನಿಸಿಕೊಂಡೆ.

ನಾನು ಬಬಲೇಶ್ವರ ಭಾಗದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನು. ಈಗ ವಿಜಯಪುರದಲ್ಲಿ ಮನೆ. ಹೊಲ ನೋಡುವವನು ತಮ್ಮ. ಬೋರಿನ ನೀರಿದ್ದ ಕಾಲಕ್ಕೆ ನಮ್ಮ ತಕರಾರು ಉಸುಕು ಮತ್ತು ಉಪ್ಪಿನದು. ಉಸುಕಿಗೆ ಹೈಡ್ರೋಸೈಕ್ಲೋನ್, ಅದರ ಮುಂದೊಂದು ಜಾಳಿಗಿ ಫಿಲ್ಟರ್ ಇದ್ದರೆ ಸಾಕಾಗುತ್ತಿತ್ತು. ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ಈ ಕಡೆ ಏರಿ ಬಂದ ಮೇಲೆ ನಮ್ಮ ಕೃಷಿ ಹೊಂಡವೂ ತುಂಬತೊಡಗಿತು. ಅದಕ್ಕೆ ಯಾರು ಬೇಡ ಎಂದಾರು? ಆದರೆ ಹೊಂಡದಲ್ಲಿ ಬಿಸಿಲಿಗೆ ಬಿದ್ದ ನೀರಿಗೆ ಪಾಚಿ ಕಟ್ಟುತ್ತದೆ, ಜೊತೆಗೆ ನಯವಾದ ರಾಡಿ ಇರುತ್ತದೆ. ಪಾಚಿ ಹಿಡಿಯಲು ಮರಳಿನ ಫಿಲ್ಟರೇ ಬೇಕು. ನೀರು ಬದಲಾಯಿತು, ಫಿಲ್ಟರ್ ಬದಲಾಗಲಿಲ್ಲ.

ಜಾಳಿಗಿ ದಿನಾಲೂ ಕಟ್ಟಿಕೊಳ್ಳತೊಡಗಿತು. ತಮ್ಮನಿಗೆ ಬೇಸರ ಬಂತು. ಅಂಗಡಿಯ ಫಿಟ್ಟರ್ ಬಂದವನೇ ಪರಿಹಾರ ಹೇಳಿದ: "ಜಾಳಿಗಿ ತಗದ ಇಡ್ರಿ ಸಾವಕಾರ್ರ, ಆಮ್ಯಾಲ ನೀರ ಹೆಂಗ ಹೊಡಿತೈತಿ ನೋಡ್ರಿ." ತೆಗೆದರು. ಆ ಭಾನುವಾರ ನಾನು ಹೊಲಕ್ಕೆ ಹೋದಾಗ ತಮ್ಮ ಗೇಜ್ ತೋರಿಸಿ ಹಿಗ್ಗಿದ: "ನೋಡಣ್ಣಾ, ಎರಡೂ ಮುಳ್ಳ ಒಂದ ಕಡಿ ನಿಂತಾವು. ಹಿಂದ ಎರಡ ಕೆಜಿ, ಮುಂದ ಎರಡ ಕೆಜಿ."

ನನಗೆ ಎದೆ ಧಸಕ್ ಎಂದಿತು. ಫಿಲ್ಟರ್ ತನ್ನ ಕೆಲಸ ಮಾಡುತ್ತಿದ್ದರೆ ಸ್ವಲ್ಪ ಒತ್ತಡವನ್ನು ತಿಂದೇ ತಿನ್ನುತ್ತದೆ. ತೊಳೆದು ಸ್ವಚ್ಛವಾಗಿದ್ದಾಗ ಹಿಂದಿನ ಅಂಕಿಗೂ ಮುಂದಿನ ಅಂಕಿಗೂ ಸುಮಾರು 0.2ರಿಂದ 0.3 ಕೆಜಿ (ಚದರ ಸೆಂಟಿಮೀಟರಿಗೆ) ವ್ಯತ್ಯಾಸ ಇರಬೇಕು. ಕಸ ಹಿಡಿದಂತೆ ಅದು ಬೆಳೆಯುತ್ತದೆ, 0.5 ಮುಟ್ಟಿತೆಂದರೆ ತೊಳೆಯಬೇಕು. ವ್ಯತ್ಯಾಸವೇ ಇಲ್ಲ ಎಂದರೆ ಒಳಗೆ ಜಾಳಿಗಿ ಇಲ್ಲ, ಇಲ್ಲವೇ ಹರಿದಿದೆ. ಹೆಚ್ಚಿದ ವ್ಯತ್ಯಾಸಕ್ಕಿಂತ ಸೊನ್ನೆ ವ್ಯತ್ಯಾಸಕ್ಕೇ ಹೆಚ್ಚು ಹೆದರಬೇಕು. ಕಟ್ಟಿಕೊಂಡ ಫಿಲ್ಟರನ್ನು ತೊಳೆದರೆ ಮುಗಿಯಿತು. ದಾಟಿ ಹೋದ ರಾಡಿ ಡ್ರಿಪ್ಪರಿನ ಬಾಯಿಗೆ ಕೂತರೆ ಅದನ್ನು ಒಂದೊಂದಾಗಿ ಬಿಡಿಸುವವರು ಯಾರು? ಇಷ್ಟನ್ನೂ ಹೇಳಿದೆ. "ಪಾಠ ಸಾಲ್ಯಾಗ ಇಟ್ಕೋ ಅಣ್ಣಾ" ಎಂದ.

ಜನವರಿಯಲ್ಲಿ, ಕಾಳು ನೀರು ತುಂಬಿಕೊಳ್ಳುವ ಹೊತ್ತಿಗೆ, ಕೊನೆಯ ಸಾಲಿನ ಎಲೆಗಳು ಮಧ್ಯಾಹ್ನಕ್ಕೇ ಜೋಲು ಬೀಳತೊಡಗಿದವು. ತಮ್ಮ ದೊಡ್ಡ ಮೋಟರ್ ಇಳಿಸುವ ಮಾತಾಡಿದ. ಫಿಟ್ಟರ್ ಅದಕ್ಕೂ ಸೈ ಎಂದ. ಮೋಟರ್ ಮಾರಿದರೆ ಅವನಿಗೂ ನಾಲ್ಕು ದುಡ್ಡು. ನಾನು ಹಟ ಹಿಡಿದೆ: ಕೊನೆಯ ಸಾಲಿನ ಒತ್ತಡ ಅಳೆಯದೆ ಒಂದು ರೂಪಾಯಿಯನ್ನೂ ಬಿಚ್ಚಬಾರದು.

ತ್ರೀ ಫೇಸ್ ಕರೆಂಟು ಬರುವುದು ರಾತ್ರಿ. ಮೈ ಕೊರೆಯುವ ಥಂಡಿ. ಗೇಜಿನ ಬದಲು ನಾನು ಒಯ್ದದ್ದು ಒಂದು ಉದ್ದನೆಯ ಪಾರದರ್ಶಕ ಪ್ಲಾಸ್ಟಿಕ್ ನಳಿಗೆ. ಪ್ರಯೋಗಾಲಯದ ಮ್ಯಾನೋಮೀಟರಿನ ಲೆಕ್ಕವೇ ಇಲ್ಲೂ ನಡೆಯುತ್ತದೆ. ಒಂದು ಕೆಜಿ ಒತ್ತಡ ನೀರನ್ನು ಹತ್ತು ಮೀಟರ್ ಮೇಲಕ್ಕೆತ್ತುತ್ತದೆ. ಪಾದರಸವಾದರೆ ಮುಕ್ಕಾಲು ಮೀಟರಿನ ಒಳಗೇ ನಿಲ್ಲುತ್ತದೆ; ಅದಕ್ಕೇ ಲ್ಯಾಬಿನಲ್ಲಿ ಪಾದರಸ. ಎರಡು ಕೆಜಿ ಇರುವ ಹೆಡ್ ಯುನಿಟ್ಟಿನ, ಅಂದರೆ ಪಂಪು-ಫಿಲ್ಟರಿನ, ಹತ್ತಿರ ನೀರಿನ ನಳಿಗೆ ನಿಲ್ಲಿಸಬೇಕಾದರೆ ಆರೇಳು ಅಂತಸ್ತಿನ ಮನೆ ಬೇಕು. 1849ರಲ್ಲಿ ಫ್ರಾನ್ಸಿನ ಬೂರ್ದೋನ್ ಪೇಟೆಂಟ್ ಪಡೆದ ಬಾಗಿದ ಕೊಳವೆಯ ಗೇಜು, ಇವತ್ತಿಗೂ ನಮ್ಮ ಫಿಲ್ಟರಿನ ಮೇಲೆ ಕೂತಿರುವುದು, ಆ ತೊಂದರೆ ತಪ್ಪಿಸಿತು. ಆದರೆ ಸತ್ತ ಸಾಲಿನ ಕೊನೆಗೆ ನಳಿಗೆಯೇ ಸಾಕು, ಅಂಕಿ ಓದಲು ಬಾರದವರಿಗೂ ತಿಳಿಯುತ್ತದೆ.

ಸಾಲಿನ ಡ್ರಿಪ್ ಕೊಳವೆಯ, ಅಂದರೆ ಲ್ಯಾಟರಲ್ಲಿನ, ಕೊನೆಯ ಮಡಿಕೆ ಬಿಚ್ಚಿ ನಳಿಗೆ ಸಿಕ್ಕಿಸಿ, ಅದನ್ನು ಚಪ್ಪರದ ಕಂಬಕ್ಕೆ ನೆಟ್ಟಗೆ ಕಟ್ಟಿದೆ. "ಇಲ್ಲಿ ಒಂದ ಕೆಜಿ ಇದ್ರ ನೀರ ಚಪ್ಪರ ದಾಟಿ ಹಾರಬೇಕು" ಎಂದೆ. ತಮ್ಮ ಬ್ಯಾಟರಿ ಹಿಡಿದ. ಆಳು ಮೋಟರ್ ಚಾಲೂ ಮಾಡಿ ಕೂಗಿದ. ಹೆಡ್ಡಿನಲ್ಲಿ ಗೇಜು ಎರಡು ತೋರಿಸುತ್ತಿತ್ತು. ನಳಿಗೆಯಲ್ಲಿ ನೀರು ನಿಧಾನಕ್ಕೆ ಏರಿತು. ಮೊಣಕಾಲು ದಾಟಿತು. ಸೊಂಟಕ್ಕೆ ಬಂತು. ನಿಂತಿತು. ಕಾಯ್ದೆವು. ತಮ್ಮ ನಳಿಗೆ ಅಲ್ಲಾಡಿಸಿದ, ಹಿಂಡಿದ. ಒಂದು ಬೆರಳು ಮೇಲೇರಲಿಲ್ಲ. ಸೊಂಟದಷ್ಟು ನೀರೆಂದರೆ 0.1 ಕೆಜಿ. ಡ್ರಿಪ್ಪರಿಗೆ ಬೇಕಾದದ್ದರ ಹತ್ತನೇ ಒಂದು ಪಾಲು.

ಲ್ಯಾಟರಲ್ಲುಗಳಿಗೆ ನೀರು ಹಂಚುವ ಸಬ್‌ಮೇನಿನ ಫ್ಲಶ್ ವಾಲ್ ಮಣ್ಣಿನಡಿ ಹೂತಿತ್ತು. ಸಲಿಕೆಯಿಂದ ಕೆದರಿ ತೆಗೆದಾಗ ಮೊದಲು ಏನೂ ಬರಲಿಲ್ಲ. ಆಮೇಲೆ ಒಮ್ಮೆಲೇ ಕರಿ-ಹಸಿರು ಲೋಳೆ ಬುಳಕ್ಕನೆ ಹೊರಬಿತ್ತು. ಗಟಾರದ ನಾತ. ಅದರೊಳಗೆ ಎರೆಮಣ್ಣಿನ ಉಂಡೆಗಳು. ತಮ್ಮ ಅದನ್ನು ಅಂಗೈಯಲ್ಲಿ ಹಿಡಿದು ನೋಡಿದ. ಎರಡೂ ಮುಳ್ಳು ಒಂದೇ ಕಡೆ ನಿಂತಷ್ಟು ದಿನ ಇದೆಲ್ಲ ಸಲೀಸಾಗಿ ಒಳಗೆ ನಡೆದಿತ್ತು. ಕರೆಂಟು ಹೋಗುವವರೆಗೂ ಸಾಲು ಸಾಲು ಬಿಚ್ಚಿ ಫ್ಲಶ್ ಮಾಡಿದೆವು. ತಮ್ಮ ಒಂದು ಮಾತಾಡಲಿಲ್ಲ. ನಾನಂತೂ ಸುಮ್ಮನಿರಲಿಲ್ಲ.

ಆಮೇಲೆ ಲೋಳೆಗೆ ಕ್ಲೋರಿನ್ ಬಿಟ್ಟೆವು. ಬೋರಿನ ಕಾಲದ ಹಳೆಯ ಉಪ್ಪಿನ ಪದರಿಗೆ ಇನ್ನೊಂದು ದಿನ ಆಸಿಡ್ ಕೊಟ್ಟು, ನಿಲ್ಲಿಸಿ, ಮತ್ತೆ ಫ್ಲಶ್ ಮಾಡಿದೆವು. ಅರ್ಧಕ್ಕರ್ಧ ಡ್ರಿಪ್ಪರ್ ಬಿಟ್ಟುಕೊಂಡವು. ಉಳಿದ ಕಡೆ ಹೊಸ ಲ್ಯಾಟರಲ್ ಎಳೆಸಬೇಕಾಯಿತು. ಕೊನೆಯ ಸಾಲಿನ ಕಾಳು ಮಾತ್ರ ದಪ್ಪಗಾಗಲೇ ಇಲ್ಲ. ಒಣಗಿಸಿದಾಗ ಸಣ್ಣ ಮಣೂಕವಾಗಿ ಕೆಳಗಿನ ದರಕ್ಕೆ ಹೋಯಿತು.

ಫಿಟ್ಟರನೊಬ್ಬನನ್ನೇ ಬೈದರೆ ಸಾಲದು. ಸಬ್ಸಿಡಿಯ ತಪಾಸಣೆಗೆ ಬಂದಿದ್ದ ಅಧಿಕಾರಿ ಹೆಡ್ ಯುನಿಟ್ಟಿನ ಮುಂದೆ ತಮ್ಮನನ್ನು ನಿಲ್ಲಿಸಿ ಫೋಟೊ ಹೊಡೆದು, ಚಹಾ ಕುಡಿದು ಹೋಗಿದ್ದ. ಮೋಟರ್ ಚಾಲೂ ಮಾಡಿಸಲಿಲ್ಲ. ವಿಜಯಪುರದಲ್ಲಿ ನಾನು ಗೇಜ್ ತರಲು ಹೋಗುವ ದಾರಿಯಲ್ಲಿ ಆದಿಲ್‌ಶಾಹಿಗಳ ಕಾಲದ ನೀರಿನ ಗಂಜುಗಳು ಇನ್ನೂ ನಿಂತಿವೆ. ನೆಲದೊಳಗಿನ ಕೊಳವೆ ಒಡೆಯದಂತೆ ಒತ್ತಡ ಇಳಿಸಲು, ರಾಡಿ ತಳಕ್ಕೆ ಕೂರಲು ಕಟ್ಟಿದ ಗೋಪುರಗಳು ಅವು. ಒತ್ತಡ ಮತ್ತು ರಾಡಿ ಎರಡನ್ನೂ ಒಟ್ಟಿಗೆ ನೋಡಬೇಕೆಂಬ ತಿಳಿವಳಿಕೆ ಈ ಊರಿಗೆ ಆಗಲೇ ಇತ್ತು. ಈಗಿನವರಿಗೆ ಫೋಟೊ ಸಾಕು.

ಉಳಿದವರಿಗೆ ಇಷ್ಟು ಹೇಳುತ್ತೇನೆ:

ಮೋಟರ್ ನಿಂತಾಗ ಮುಳ್ಳು ಸೊನ್ನೆಗೆ ಇಳಿಯಲೇಬೇಕು. ಇಳಿಯದಿದ್ದರೆ ಆ ಗೇಜ್ ಸತ್ತಿದೆ.

ಹತ್ತು ಕೆಜಿಯ ಗೇಜಿನಲ್ಲಿ ಅರ್ಧ ಕೆಜಿ ಕಣ್ಣಿಗೆ ಹಿಡಿಯುವುದಿಲ್ಲ. ನಾಲ್ಕು ಕೆಜಿಯದನ್ನು ಕೇಳಿ ತನ್ನಿ.

ಎರಡು ಗೇಜ್ ಒಂದಕ್ಕೊಂದು ತಾಳೆಯಾಗದಿದ್ದರೆ, ಮೂರು ದಾರಿಯ ವಾಲ್ ಹಾಕಿಸಿ ಒಂದೇ ಗೇಜಿನಿಂದ ಎರಡೂ ಕಡೆ ಅಳೆಯಿರಿ. ಗೇಜಿನ ದೋಷ ಎರಡೂ ಕಡೆ ಒಂದೇ ಇರುವುದರಿಂದ ವ್ಯತ್ಯಾಸ ಖರೇ ಬರುತ್ತದೆ.

ಫಿಲ್ಟರ್ ತೊಳೆದ ದಿನದ ಎರಡೂ ಅಂಕಿಗಳನ್ನು ಪಂಪ್ ಮನೆಯ ಗೋಡೆಗೆ ಬಣ್ಣದಲ್ಲಿ ಬರೆಯಿರಿ.

ಆಸಿಡ್ ಮತ್ತು ಕ್ಲೋರಿನ್ ಎಂದೂ ಕೂಡಿಸಬೇಡಿ, ವಿಷಗಾಳಿ ಏಳುತ್ತದೆ. ನೀರಿಗೆ ಆಸಿಡ್ ಹಾಕಿ. ಆಸಿಡ್‌ಗೆ ನೀರು ಹಾಕಬೇಡಿ.

ತಪಾಸಣೆಗೆ ಯಾರೇ ಬರಲಿ, ಮೋಟರ್ ಚಾಲೂ ಮಾಡಿಸಿ, ಎರಡೂ ಗೇಜಿನ ಅಂಕಿ ಅವರ ಕಾಗದದಲ್ಲೇ ಬರೆಸಿ, ಆಮೇಲೆ ಸಹಿ ಹಾಕಿ. ನಮ್ಮ ತಮ್ಮ ಈಗ ಹಾಗೇ ಮಾಡುತ್ತಾನೆ. ಯಾರು ಕಲಿಸಿದರು ಎಂದು ಕೇಳಿದರೆ ಮಾತ್ರ ನನ್ನ ಹೆಸರು ಹೇಳುವುದಿಲ್ಲ.